ಗೇಟಿನ ಹತ್ತಿರ ಒಂಬತ್ತು

"ಇನ್ನೊಂದು ತಗೋ ಪುಟ್ಟಾ, ನಾಚ್ಕೋಬೇಡ," ಎನ್ನುತ್ತ ಡಾರ್ಲೀನ್ ಆಂಟಿ ಕ್ಯಾಸಿಯ ತಟ್ಟೆಗೆ ಎರಡನೆಯ ದಾಲ್ಚಿನ್ನಿ ರೋಲ್ ಇಟ್ಟರು.

ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದ ಟಿಲ್ಡಾ ಕಣ್ಣರಳಿಸಿ ನೋಡಿದಳು. ಬುಧವಾರ ಸ್ಕೂಲಿನ ಊಟಕ್ಕೆ ಬೀನ್ಸ್ ಮತ್ತು ಮಾಂಸ ಹಾಕಿದ ಬಿಸಿಬಿಸಿ ಚಿಲಿ, ಜೊತೆಗೆ ಒಂದು ದಾಲ್ಚಿನ್ನಿ ರೋಲ್. ಒಂದೇ ಒಂದು. ಅತ್ತು ಕರೆದರೂ ಡಾರ್ಲೀನ್ ಆಂಟಿ ಎರಡು ಕೊಟ್ಟವರಲ್ಲ.

"ಒಟ್ಟು ಎಷ್ಟು ಕರು ಹೋದವಮ್ಮ?" ಆಂಟಿ ಮೆಲ್ಲಗೆ ಕೇಳಿದರು.

"ಇಪ್ಪತ್ತಾರು."

"ಅಯ್ಯೋ ದೇವ್ರೇ! ನಿಮ್ಮಪ್ಪ ಹೇಗೆ ತಡ್ಕೊಂಡ್ರೋ."

ಆಮೇಲೆ ಟಿಲ್ಡಾಳ ಸರದಿ ಬಂತು. ಅವಳಿಗೆ ಸಿಕ್ಕಿದ್ದು ಮೂಲೆಯ ರೋಲ್. ಅದರ ಒಂದು ಅಂಚು ಸೀದು ಕಪ್ಪಾಗಿತ್ತು. "ನಮ್ಮನೇಲೂ ಆರು ಕರು ಹೋದ್ವು ಆಂಟಿ," ಎಂದಳು.

"ಹೌದಾ? ಪಾಪ. ಮುಂದಕ್ಕೆ ಹೋಗಮ್ಮ, ಹಿಂದೆ ಮಕ್ಕಳು ಕಾಯ್ತಿದಾರೆ."

ಹಿಂದಿನ ವಾರ ಮೂರು ದಿನ ಬಿಡದೆ ಹಿಮಗಾಳಿ ಬೀಸಿತ್ತು. ಮಾರ್ಚ್ ಎಂದರೆ ಹಸುಗಳು ಕರು ಹಾಕುವ ತಿಂಗಳು. ಆಗಷ್ಟೇ ಹುಟ್ಟಿ ಕಾಲೂರಲು ಕಲಿಯುತ್ತಿದ್ದ ಕರುಗಳ ಮೇಲೆ ಆ ಗಾಳಿ ಎರಗಿತ್ತು. ಕೌಂಟಿಯಲ್ಲಿ, ಎಂದರೆ ಇಡೀ ಜಿಲ್ಲೆಯಲ್ಲಿ, ಕರು ಕಳೆದುಕೊಳ್ಳದ ಮನೆಯೇ ಇರಲಿಲ್ಲ. ಆದರೆ ಕ್ಯಾಸಿಯ ಮನೆಯವರಷ್ಟು ಯಾರೂ ಕಳೆದುಕೊಂಡಿರಲಿಲ್ಲ.

ಅದಕ್ಕೇ ಆ ದಿನ ಬೆಳಿಗ್ಗೆ ಮಿಸ್ ಪೆಲ್ ಇಡೀ ಕ್ಲಾಸಿನಿಂದ ಕ್ಯಾಸಿಯ ಮನೆಗೆಂದು ದೊಡ್ಡದೊಂದು ಕಾರ್ಡ್ ಮಾಡಿಸಿದ್ದರು. ಅದರಲ್ಲಿ ಆಕಾಶಕ್ಕೆ ನೀಲಿ ಬಳಿದವಳು ಟಿಲ್ಡಾಳೇ. ಬಳಿಯುವಾಗ ಅವಳಿಗೆ ಒಳಗೊಳಗೇ ಕಸಿವಿಸಿ. ನಮ್ಮನೆಯ ಆರು ಕರುಗಳಿಗೆ ಯಾಕೆ ಒಂದು ಚಿಕ್ಕ ಕಾರ್ಡೂ ಇಲ್ಲ? ಕ್ಯಾಸಿ ಅವಳ ಪ್ರಾಣಸ್ನೇಹಿತೆ, ನಿಜ. ಆದರೂ ಹೊಟ್ಟೆಕಿಚ್ಚು ಸ್ನೇಹಿತೆ ಯಾರು ಎಂದು ಕೇಳಿಕೊಂಡು ಬರುವುದಿಲ್ಲವಲ್ಲ.

ಟೇಬಲ್ಲಿನಲ್ಲಿ ಟ್ರೆಂಟ್ ಆಗಲೇ ಬಾಯಿ ತುಂಬ ಚಿಲಿ ಇಟ್ಟುಕೊಂಡು ಮಾತಾಡುತ್ತಿದ್ದ. "ಇಪ್ಪತ್ತಾರಂತೆ ಕಣ್ರೋ! ಇಡೀ ಕೌಂಟಿಗೇ ಫಸ್ಟ್!"

"ಇಪ್ಪತ್ತಾರೇನೂ ಇಲ್ಲ," ಎಂದಳು ಟಿಲ್ಡಾ. ಯಾಕೆ ಹೇಳಿದೆನೆಂದು ಅವಳಿಗೇ ಗೊತ್ತಿಲ್ಲ. "ನಾನು ಬಸ್ಸಿಂದ ನೋಡ್ದೆ. ಅವ್ರ ಗೇಟ್ ಹತ್ರ ಇದ್ದಿದ್ದು ಒಂಬತ್ತೇ."

"ಒಂಬತ್ತಾ?" ಟ್ರೆಂಟ್‌ನ ಚಮಚ ಅರ್ಧಕ್ಕೇ ನಿಂತಿತು. "ಮತ್ತೆ ಮಿಕ್ಕ ಹದಿನೇಳು? ಟೂರ್ ಹೋಗಿದಾವಾ?"

ಎಲ್ಲರೂ ನಕ್ಕರು. ನಗು ಸಿಕ್ಕಿತೆಂದರೆ ಟ್ರೆಂಟ್ ಸುಮ್ಮನಿರುವ ಹುಡುಗನೇ ಅಲ್ಲ. "ಸರ್ಕಾರ ಕರುವಿಗಿಷ್ಟು ಅಂತ ದುಡ್ಡು ಕೊಡತ್ತಲ್ಲ, ಅದಕ್ಕೇ! ಅವ್ರ ಮನೇಲಿ ಸತ್ತ ಕರುಗಳೂ ಮರಿ ಹಾಕ್ತಿವೆ!"

ಟಿಲ್ಡಾಳಿಗೂ ನಗು ಬಂತು. ನಗುತ್ತಲೇ ತಿರುಗಿ ನೋಡಿದರೆ, ಹಿಂದೆ ಕ್ಯಾಸಿ ಹಾಲಿನ ಪೊಟ್ಟಣ ಹಿಡಿದು ನಿಂತಿದ್ದಳು.

ಕ್ಯಾಸಿ ಅಳಲಿಲ್ಲ, ಜಗಳವಾಡಲೂ ಇಲ್ಲ. ತನ್ನ ತಟ್ಟೆ ಎತ್ತಿಕೊಂಡು ಕಿಟಕಿಯ ಬಳಿಯ ಖಾಲಿ ಟೇಬಲ್ಲಿಗೆ ಹೋದಳು. ಎರಡನೆಯ ರೋಲನ್ನು ಅವಳು ಮುಟ್ಟಲೇ ಇಲ್ಲ.

ಟಿಲ್ಡಾ ಹೇಳಿದ್ದು ಸುಳ್ಳಲ್ಲ. ಗೇಟಿನ ಹತ್ತಿರ ಒಂಬತ್ತೇ ಕರುಗಳಿದ್ದವು. ಸತ್ತ ದನಗಳನ್ನು ಒಯ್ಯುವ ಟ್ರಕ್ಕಿಗೆ ಸುಲಭವಾಗಲೆಂದು ಎಲ್ಲರೂ ಅವನ್ನು ಗೇಟಿನ ಬಳಿ ತಂದು ಹಾಕುತ್ತಾರೆ.

ಆದರೆ ಅಲ್ಲಿಗೆ ತರುವುದು ಕೈಗೆ ಸಿಕ್ಕವನ್ನು ಮಾತ್ರ. ಹಿಮಗಾಳಿ ಬೀಸಿದಾಗ ದನಗಳು ಗಾಳಿಗೆ ಬೆನ್ನು ಕೊಟ್ಟು ನಡೆಯತೊಡಗುತ್ತವೆ. ಬೇಲಿಯೋ ಹಳ್ಳವೋ ಅಡ್ಡ ಬರುವ ತನಕ ನಡೆಯುತ್ತಲೇ ಇರುತ್ತವೆ, ಕರುಗಳು ಹಿಂದೆ ಹಿಂದೆ ಹೋಗುತ್ತವೆ. ಅಲ್ಲಿ ಬಿದ್ದವನ್ನು ಹಿಮ ಮುಚ್ಚಿಬಿಡುತ್ತದೆ. ಅದು ಕರಗುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಹಸುಗಳ ನಡುವೆಯೇ ಬೆಳೆದ ಟಿಲ್ಡಾಳಿಗೆ ಗೊತ್ತಿಲ್ಲದೆ ಇದ್ದೀತೇ? ಗೊತ್ತಿತ್ತು. ಬಾಯಿ ತೆರೆದ ಆ ಗಳಿಗೆಯಲ್ಲೂ ಗೊತ್ತಿತ್ತು.

ಆ ಸಂಜೆ ಬಸ್ಸಿನಲ್ಲಿ ಕ್ಯಾಸಿ ಅವರಿಬ್ಬರ ಮಾಮೂಲಿ ಸೀಟಿಗೆ ಬರಲಿಲ್ಲ. ಮುಂದೆ ಹೋಗಿ ಒಂದನೇ ಕ್ಲಾಸಿನ ಪುಟಾಣಿಗಳ ಜೊತೆ ಕೂತಳು. ನಾಳೆ ಸರಿಹೋಗುತ್ತಾಳೆ ಎಂದುಕೊಂಡಳು ಟಿಲ್ಡಾ. ನಾಳೆಯೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ.

ಇತ್ತ ಟ್ರೆಂಟ್‌ನ ಜೋಕು ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಅವನ ಮನೆಯ ಊಟದ ಮೇಜಿನಿಂದ ಪೆಟ್ರೋಲ್ ಬಂಕಿಗೆ ಹೋಯಿತು, ಬಂಕಿನಿಂದ ದನದ ಮೇವಿನ ಅಂಗಡಿಗೆ ಹೋಯಿತು. ಹೋದಲ್ಲೆಲ್ಲ ಅದಕ್ಕೆ ಒಂದಿಷ್ಟು ಉಪ್ಪುಖಾರ ಸೇರಿತು. ಶುಕ್ರವಾರ ಮೇವು ತರಲು ಹೋದ ಟಿಲ್ಡಾಳ ಅಪ್ಪನ ಕಿವಿಗೂ ಬಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ವರ್ನ್ ಮನೆ ಕರುಗಳ ವಿಷ್ಯ ಸ್ಕೂಲಲ್ಲಿ ಏನಾದ್ರೂ ಹೇಳಿದ್ಯೇನೇ?" ವರ್ನ್ ಎಂದರೆ ಕ್ಯಾಸಿಯ ಅಪ್ಪ.

"ನೋಡಿದ್ದನ್ನ ಹೇಳ್ದೆ ಅಷ್ಟೇ."

"ಎಷ್ಟು ನೋಡ್ದೆ?"

"ಒಂಬತ್ತು."

ಅದು ಗೇಟಿನ ಹತ್ತಿರದ್ದು ಮಾತ್ರ ಅಪ್ಪ. ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಅಮ್ಮ, "ಟಿಲ್ಡಾ, ಆಲೂಗಡ್ಡೆ ಆ ಕಡೆ ಕೊಡು," ಎಂದಳು. ಟಿಲ್ಡಾ ಆಲೂಗಡ್ಡೆಯ ಬಟ್ಟಲು ದಾಟಿಸಿದಳು. ಮಾತು ಬಂದ ದಾರಿಯಲ್ಲೇ ಕೆಳಗಿಳಿಯಿತು.

ಭಾನುವಾರ ಮಧ್ಯಾಹ್ನ ವರ್ನ್ ಅಂಕಲ್‌ನ ಹಳೆಯ ಪಿಕಪ್ ಅಂಗಳದಲ್ಲಿ ಬಂದು ನಿಂತಿತು. ಅವರ ಕೈಯಲ್ಲಿ ಒಂದು ಫಾರಂ ಇತ್ತು.

ಟಿಲ್ಡಾಳಿಗೆ ಆ ಫಾರಂ ಗೊತ್ತು. ಅವಳ ಅಪ್ಪನೂ ಒಂದು ತುಂಬಿಸಿ ಕೌಂಟಿ ಆಫೀಸಿಗೆ ಕೊಟ್ಟಿದ್ದ. ಎಷ್ಟು ದನ ಸತ್ತವೆಂದು ಮನೆಯವರು ಬರೆದರೆ ಸಾಲದು. ನಾನು ಕಣ್ಣಾರೆ ನೋಡಿದ್ದೇನೆ ಎಂದು ನೆರೆಯವರೊಬ್ಬರು ಸಹಿ ಹಾಕಬೇಕು. ಆಗ ಮಾತ್ರ ಸರ್ಕಾರದ ಪರಿಹಾರ. ಅಪ್ಪನ ಫಾರಂಗೆ ಸಹಿ ಹಾಕಿದ್ದು ವರ್ನ್ ಅಂಕಲ್. ಅವರ ಫಾರಂಗೆ ಅಪ್ಪ ಹಾಕಬೇಕು. ಈ ಎರಡು ಮನೆಗಳ ನಡುವೆ ಅಜ್ಜಂದಿರ ಕಾಲದಿಂದ ಹೀಗೇ.

"ಒಂದು ಸಹಿ ಗೀಚು ಲಾಯ್ಡ್," ವರ್ನ್ ಅಂಕಲ್ ಪಿಕಪ್‌ನ ಬಾನೆಟ್ ಮೇಲೆ ಕಾಗದ ಹರಡಿದರು. "ದುಡ್ಡು ಬಂದ್ರೆ ಒಂದಿಷ್ಟು ಗಬ್ಬದ ಪಡ್ಡೆ ಹಸು ತರ್ತೀನಿ. ಇಲ್ದಿದ್ರೆ ಈ ವರ್ಷ ಮಾರೋಕೆ ನನ್ನ ಹತ್ರ ಏನೂ ಇರಲ್ಲ ಮಾರಾಯ."

ಅಪ್ಪ ಪೆನ್ನು ತೆಗೆದುಕೊಂಡ. ಟೋಪಿ ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡ. "ನಾನೊಂದ್ಸಲ ಬಂದು ನೋಡ್ಲಾ ವರ್ನ್?"

"ಏನನ್ನ?"

"ಮಿಕ್ಕಿದ್ದನ್ನ."

"ಹಳ್ಳದಲ್ಲಿ ಹತ್ತಡಿ ಹಿಮ ತುಂಬಿದೆ. ಅಗೆದು ತೋರಿಸ್ಲಾ?" ವರ್ನ್ ಅಂಕಲ್ ನಕ್ಕರು. ಅಪ್ಪ ನಗಲಿಲ್ಲ. ಅವರ ನಗುವೂ ನಿಂತಿತು. "ಹುಟ್ಟಿದ ಒಂದೊಂದು ಕರುವನ್ನೂ ಕ್ಯಾಸಿ ಪುಸ್ತಕದಲ್ಲಿ ಬರ್ದಿದಾಳೆ. ತರಿಸ್ಲಾ?"

"ಮನೆಯವರ ಬರಹ ಆಫೀಸ್ನವ್ರು ಒಪ್ಪಲ್ಲ, ನಿಂಗೂ ಗೊತ್ತು. ಮೊನ್ನೆವರೆಗೆ ನಂಗೆ ನಿನ್ನ ಬಾಯಿಮಾತೇ ಸಾಕಿತ್ತು. ಈಗ ಊರೆಲ್ಲ ಮಾತಾಡ್ತಿದೆ. ನಾಳೆ ಅವ್ರು ನನ್ನನ್ನ ಕರೆದು, ಎಷ್ಟು ನೋಡ್ದೆ ಅಂತ ಕೇಳಿದ್ರೆ..."

ಅಪ್ಪನ ಕಣ್ಣು ಒಂದೇ ಒಂದು ಕ್ಷಣ ಬಾಗಿಲ ಕಡೆ ಹೊರಳಿತು. ಬಾಗಿಲಲ್ಲಿ ಟಿಲ್ಡಾ ನಿಂತಿದ್ದಳು. ವರ್ನ್ ಅಂಕಲ್ ಕೂಡ ತಿರುಗಿ ನೋಡಿದರು. ಊರಿನ ಮಾತು ಎಲ್ಲಿಂದ ಶುರುವಾಯಿತೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅವರು ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡು, ಇಪ್ಪತ್ತಾರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಒಂಬತ್ತು ಎಂದು ಬರೆದರು.

"ನಿಮ್ಮನೆಯವ್ರು ಇಷ್ಟು ನೋಡಿದೀರಿ ತಾನೆ? ಇಷ್ಟಕ್ಕೇ ಹಾಕು."

"ವರ್ನ್, ಹಿಮ ಕರಗ್ಲಿ. ಸ್ವಲ್ಪ ಕಾಯೋಣ."

"ಶುಕ್ರವಾರ ಕೊನೇ ದಿನ. ಹಿಮಕ್ಕೆ ಆಫೀಸ್ ಕ್ಯಾಲೆಂಡರ್ ಗೊತ್ತಿಲ್ಲ. ಹಾಕು."

ಅಪ್ಪ ಸಹಿ ಹಾಕಿದ. ಕತ್ತಿನವರೆಗೂ ಕೆಂಪಾಗಿದ್ದ. ಓಡಿಹೋಗಿ ಆ ಕಾಗದ ಕಿತ್ತುಕೊಂಡು, ನಾನು ಗೇಟಿನ ಹತ್ತಿರ ಮಾತ್ರ ನೋಡಿದ್ದು ಎಂದು ಕೂಗಬೇಕು ಅನಿಸಿತು ಟಿಲ್ಡಾಳಿಗೆ. ಆದರೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು. ಪಿಕಪ್ ಹೋದಮೇಲೆ ಅಪ್ಪ ಒಳಗೆ ಬಂದ.

"ನಮ್ಮ ಹುಲ್ಲುಗಾವಲಿಗೆ ಬೆಂಕಿ ಬಿದ್ದ ವರ್ಷ ಅವ್ನು ಒಂದು ಮಾತೂ ಕೇಳ್ದೆ ಸಹಿ ಹಾಕಿದ್ದ," ಎಂದು ಅಮ್ಮನಿಗೆ ಹೇಳಿದ.

ಮೂರು ವಾರ ಕಳೆಯಿತು. ಏಪ್ರಿಲ್ ಬಿಸಿಲಿಗೆ ರಸ್ತೆಯ ಬದಿಯ ಹಿಮ ಮೊದಲು ಕರಗಿತು, ಆಮೇಲೆ ಹುಲ್ಲುಗಾವಲಿನದು, ಎಲ್ಲಕ್ಕಿಂತ ಕೊನೆಗೆ ಹಳ್ಳದ್ದು. ಒಂದು ಸೋಮವಾರ ಬಸ್ಸು ಕ್ಯಾಸಿಯ ಮನೆಯ ಹತ್ತಿರ ತಿರುಗುವಾಗ ಟ್ರೆಂಟ್, "ಅಲ್ನೋಡಿ, ಎಷ್ಟೊಂದು ಕಾಗೆ!" ಎಂದು ಕೂಗಿದ. ಎಲ್ಲರೂ ಕಿಟಕಿಗೆ ಮುಗಿಬಿದ್ದರು.

ಹಳ್ಳದ ಉದ್ದಕ್ಕೂ, ಬೇಲಿಯ ಬುಡದಲ್ಲಿ, ಕೆಸರಿನಲ್ಲಿ ಸಣ್ಣ ಸಣ್ಣ ಕಪ್ಪು ಗುಪ್ಪೆಗಳು ಕಾಣುತ್ತಿದ್ದವು. ಒಂದರ ಪಕ್ಕ ಒಂದು. ಏನೆಂದು ಎಲ್ಲರಿಗೂ ತಿಳಿಯಿತು. ಟ್ರೆಂಟ್ ನಿಧಾನಕ್ಕೆ ಸೀಟಿನಲ್ಲಿ ಕೂತ. ಆ ದಿನ ಅವನೊಂದೂ ಜೋಕು ಮಾಡಲಿಲ್ಲ. ಮುಂದಿನ ಸೀಟಿನಲ್ಲಿ ಕ್ಯಾಸಿ ತಲೆ ತಗ್ಗಿಸಿ ಪುಟಾಣಿಯೊಬ್ಬಳ ಶೂ ಲೇಸು ಕಟ್ಟುತ್ತಿದ್ದಳು.

ಮರುದಿನವೇ ಅಪ್ಪ ಒಗೆದ ಅಂಗಿ ಹಾಕಿಕೊಂಡು ಕೌಂಟಿ ಆಫೀಸಿಗೆ ಹೋದ. ಸಂಜೆ ವಾಪಸ್ ಬಂದಾಗ ಟೋಪಿ ಕೈಯಲ್ಲಿತ್ತು.

"ಆಫೀಸಿನ ಆಯಮ್ಮ ಒಳ್ಳೇವ್ರೇ," ಎಂದ. "ಪಾಪ, ಕಾಫಿನೂ ಕೊಟ್ರು. ಆದ್ರೆ ಗಡುವು ಮುಗಿದ್ಮೇಲೆ ಒಂದು ಕರುನೂ ಸೇರ್ಸೋಕೆ ಬರಲ್ವಂತೆ. ಒಂಬತ್ತು ಅಂದ್ರೆ ಒಂಬತ್ತೇ."

"ವರ್ನ್‌ಗೆ ಹೇಳಿದ್ರಾ?" ಅಮ್ಮ ಕೇಳಿದಳು.

"ಅವ್ನು ರಸ್ತೆ ಕೆಲಸದ ಜಲ್ಲಿ ಟ್ರಕ್ ಓಡ್ಸೋಕೆ ಸೇರ್ಕೊಂಡ. ದಾರೀಲಿ ಸಿಕ್ಕ. ಕೈ ಎತ್ತಿದೆ. ಅವ್ನೂ ಎತ್ತಿದ. ನಿಲ್ಸಲಿಲ್ಲ."

ಟಿಲ್ಡಾ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅತ್ತರೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಟ್ರ್ಯಾಕ್ಟರಿಗೆ ಸರಪಳಿ ಹಾಕಿಕೊಂಡು ಹೊರಟ. "ವರ್ನ್‌ಗೆ ರಜೆ ಇರೋದು ಇವತ್ತೊಂದೇ ದಿನ. ಅಷ್ಟು ಕರುನ ಒಬ್ನೇ ಹಳ್ಳದಿಂದ ಎಳೆಯೋಕೆ ಆಗಲ್ಲ."

"ನಾನೂ ಬರ್ತೀನಿ ಅಪ್ಪ."

ಅಪ್ಪ ಒಂದು ಕ್ಷಣ ಅವಳನ್ನೇ ನೋಡಿದ. "ದೊಡ್ಡ ಬೂಟು ಹಾಕ್ಕೋ," ಎಂದ.

ಹಳ್ಳದ ಬಳಿ ವರ್ನ್ ಅಂಕಲ್ ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಕೆಲಸ ಇತ್ತು, ಇಬ್ಬರು ದೊಡ್ಡವರೂ ಕೆಲಸಕ್ಕೆ ಬಿದ್ದರು. ಕ್ಯಾಸಿ ದಿಬ್ಬದ ಮೇಲೆ ಕೂತಿದ್ದಳು. ಅವಳ ತೊಡೆಯ ಮೇಲೆ ಕೈಯಗಲದ ಒಂದು ಕೆಂಪು ಪುಸ್ತಕವಿತ್ತು. ಕರು ಹುಟ್ಟಿದ ದಿನವೇ ಅದರ ಕಿವಿಗೆ ಹಳದಿ ಟ್ಯಾಗ್ ಹಾಕುತ್ತಾರೆ. ಆ ನಂಬರು, ತಾಯಿಯ ನಂಬರು, ಹುಟ್ಟಿದ ತಾರೀಕು ಎಲ್ಲ ಅದರಲ್ಲಿತ್ತು. ಬರೆದದ್ದೆಲ್ಲ ಕ್ಯಾಸಿಯ ಗುಂಡು ಗುಂಡು ಅಕ್ಷರದಲ್ಲಿ.

"ಯಾವ ಹಸುವಿನ ಕರು ಯಾವ್ದು ಅಂತ ಗೊತ್ತಾಗ್ಬೇಕು," ಎಂದರು ವರ್ನ್ ಅಂಕಲ್, ಯಾರನ್ನೂ ನೋಡದೆ. "ಕ್ಯಾಸಿ ನಂಬರ್ ಓದ್ಲಿ. ನೀನು ಟ್ಯಾಗ್ ನೋಡಿ ಹೇಳಮ್ಮ."

ಟಿಲ್ಡಾ ಒಂದು ವಾರದಿಂದ 'ಸಾರಿ' ಎನ್ನುವುದನ್ನು ಕನ್ನಡಿ ಮುಂದೆ ನಿಂತು ಹೇಳಿ ಹೇಳಿ ಅಭ್ಯಾಸ ಮಾಡಿದ್ದಳು. ದಿಬ್ಬದ ಬುಡಕ್ಕೆ ಹೋಗಿ ನಿಂತು ಹೇಳಿಯೂ ಬಿಟ್ಟಳು. "ಸಾರಿ ಕ್ಯಾಸಿ. ನಂಗೆ ಗೊತ್ತಿತ್ತು, ಮಿಕ್ಕಿದ್ದು ಇಲ್ಲಿರತ್ತೆ ಅಂತ. ಗೊತ್ತಿದ್ದೂ ಹಾಗಂದೆ."

ಕ್ಯಾಸಿ ಪುಟ ತಿರುಗಿಸಿದಳು. "ಮೂವತ್ತೊಂದು," ಎಂದಳು.

ಟಿಲ್ಡಾ ಕೆಸರಿನಲ್ಲಿ ಇಳಿದು, ಮೊದಲ ಕರುವಿನ ಪಕ್ಕ ಕೂತು, ಕಿವಿಯ ಟ್ಯಾಗನ್ನು ಕೈಗವುಸಿನಿಂದ ಒರೆಸಿದಳು. ಮೂವತ್ತೊಂದು ಅಲ್ಲ, ಮೂವತ್ತೈದು. ಮುಂದಿನದರ ಬಳಿ ಹೋದಳು. ಅದು ಮೂವತ್ತೊಂದು.

"ಇದೆ."

"ಮೂವತ್ತೈದು."

"ಇದೆ."

"ನಲವತ್ತು."

"ಇದೆ."

ಒಂದೊಂದು ಸಲ 'ಇದೆ' ಎನ್ನುವಾಗಲೂ ಅವಳ ಧ್ವನಿ ಇಳಿಯುತ್ತ ಹೋಯಿತು. ಕ್ಯಾಸಿ ಒಂದು ಸಲವೂ ಧ್ವನಿ ಏರಿಸಲಿಲ್ಲ, ನೋಡಿದೆಯಾ ಎಂದು ಕೇಳಲಿಲ್ಲ. ಪೆನ್ಸಿಲಿನಿಂದ ಟಿಕ್ ಹಾಕುತ್ತ ಹೋದಳು. ಒಂದರ ಹತ್ತಿರ ಪೆನ್ಸಿಲ್ ತುಸು ನಿಂತಿತು. "ಇದಕ್ಕೆ ನಾನೇ ಬಾಟ್ಲಿ ಹಾಲು ಕುಡಿಸಿದ್ದೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಂದಕ್ಕೆ ಹೋದಳು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಹದಿನಾರು ಕರುಗಳು ಸಿಕ್ಕಿದವು.

"ಐವತ್ತೆಂಟು," ಎಂದಳು ಕ್ಯಾಸಿ.

ಐವತ್ತೆಂಟು ಎಲ್ಲೂ ಇರಲಿಲ್ಲ. ಟಿಲ್ಡಾ ಬೇಲಿಯ ಉದ್ದಕ್ಕೂ ನೋಡಿದಳು, ದಡದ ಪೊದೆಗಳನ್ನು ಸರಿಸಿ ನೋಡಿದಳು. ಕರಗಿದ ನೀರು ರಭಸವಾಗಿ ಹರಿಯುತ್ತಿತ್ತು. ಒಂದು ಪುಟ್ಟ ಕರುವನ್ನು ಎಷ್ಟು ದೂರಕ್ಕಾದರೂ ಅದು ಎಳೆದುಕೊಂಡು ಹೋಗಿರಬಹುದು.

"ಇಲ್ಲೇ ಎಲ್ಲೋ ಇರತ್ತೆ," ಎಂದಳು ಟಿಲ್ಡಾ. "ಇದೆ ಅಂತ ಟಿಕ್ ಹಾಕ್ಕೋ."

ಕ್ಯಾಸಿ ಆ ದಿನ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದಳು.

"ನೀನು ನೋಡಿಲ್ವಲ್ಲ."

ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಟಿಲ್ಡಾ ಮತ್ತೆ ಹಳ್ಳಕ್ಕೆ ಇಳಿದಳು. ಬೂಟಿನೊಳಗೆ ನೀರು ನುಗ್ಗಿತು. ತಣ್ಣಗೆ ಕೊರೆಯುವ ನೀರು. ಅವಳು ಒಂದೊಂದೇ ಪೊದೆಯ ಬುಡ ತಡವುತ್ತ ಕೆಳಗೆ ಕೆಳಗೆ ಹೋದಳು. ಆಚೆ ದಡದಿಂದ ಅಪ್ಪ, "ಸಾಕು ಬಾರೇ ಟಿಲ್ಡಾ, ಕಾಲು ಮರಗಟ್ಟತ್ತೆ," ಎಂದು ಕೂಗಿದ. ಅವಳು ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹಿಂದೆ ನೀರಿನ ಸದ್ದಾಯಿತು. ಪುಸ್ತಕವನ್ನು ಜೇಬಿಗೆ ತುರುಕಿಕೊಂಡು ಕ್ಯಾಸಿಯೂ ಇಳಿದಿದ್ದಳು. ಅವಳು ಆ ದಡ ಹಿಡಿದಳು, ಟಿಲ್ಡಾ ಈ ದಡ. ಇಬ್ಬರೂ ಹುಡುಕಿದರು. ಬೇಲಿ ಹಳ್ಳವನ್ನು ದಾಟುವಲ್ಲಿ ತಂತಿ ಅಡ್ಡ ಬಂತು. ಅದರಾಚೆಗೆ ಬರೀ ನೀರು.

"ಅದರ ಹಣೆ ಮೇಲೆ ಒಂದು ಬಿಳಿ ಚುಕ್ಕೆ ಇತ್ತು," ಎಂದಳು ಕ್ಯಾಸಿ, ನೀರನ್ನೇ ನೋಡುತ್ತ.

ಆ ಚುಕ್ಕೆಯನ್ನು ಟಿಲ್ಡಾ ನೋಡಿರಲಿಲ್ಲ. ಇನ್ನು ನೋಡುವ ಹಾಗೂ ಇರಲಿಲ್ಲ. ಎಷ್ಟು ದೊಡ್ಡದಿತ್ತು, ಎಡಕ್ಕಿತ್ತೋ ಬಲಕ್ಕಿತ್ತೋ, ಅವಳು ಏನೂ ಕೇಳಲಿಲ್ಲ.

"ಹೂಂ," ಎಂದಳು.

ಆ ಬುಧವಾರ ಟ್ರೆಂಟ್ ಇಪ್ಪತ್ತಾರು ಎಂದಾಗಲೂ ಇಷ್ಟೇ ಹೇಳಿದ್ದರೆ ಸಾಕಿತ್ತು ಎಂದು ತಂತಿ ಹಿಡಿದು ನಿಂತ ಅವಳಿಗೆ ಅನಿಸಿತು.